ಮಾಳಿಗೆ ಹತ್ತಿ ನೋಡಿದ ವ್ಯಾಲ್ಯುಯರ್

ಮಗಳ ಓದಿಗೆ ಮನೆ ಮೇಲೆ ಸಾಲ ತೆಗೆಯಬೇಕಿತ್ತು. ಕಲಬುರಗಿಯ ಜೇವರ್ಗಿ ರಸ್ತೆ ಕಡೆ ನಮ್ಮದು 30×40ರ ಮನೆ. ಮನೆಗೆ ಬೆಲೆ ಕಟ್ಟಲು ಬ್ಯಾಂಕಿನವರು ಮೊದಲು ಕಳಿಸಿದ ವ್ಯಾಲ್ಯುಯರ್ ಹತ್ತೇ ನಿಮಿಷದಲ್ಲಿ ಹಾಲ್, ಅಡುಗೆಮನೆ ಫೋಟೊ ಹೊಡೆದುಕೊಂಡು ಹೋದರು. ಮಾಳಿಗೆಗೆ ಬರಲೇ ಇಲ್ಲ. ವರದಿಯಲ್ಲಿ ಸೋಲಾರ್ ಬಗ್ಗೆ, ಮಳೆನೀರಿನ ಟ್ಯಾಂಕ್ ಬಗ್ಗೆ ಒಂದು ಅಕ್ಷರವೂ ಇಲ್ಲ. ಹೊಟ್ಟೆ ಉರಿಯಿತು. ಎರಡು ವರ್ಷ ಚೀಟಿ ಕಟ್ಟಿ ಮಾಡಿಸಿದ್ದು ಅದು.

ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಫೀಸ್ ನಾವೇ ಕೊಡುವುದಾದರೆ ಅವರ ಪಟ್ಟಿಯಲ್ಲೇ ಇರುವ ಇನ್ನೊಬ್ಬರನ್ನು ಕಳಿಸುತ್ತೇವೆ ಅಂದರು. ಇದು ಆ ಎರಡನೆಯವರ ಕೆಲಸದ ಬಗ್ಗೆ.

ಬಂದವರೇ "ಅಕ್ಕಾರೆ, ಮೊದಲ ಮಾಳಿಗಿ ತೋರಸ್ರಿ" ಅಂದರು. ಮೇ ತಿಂಗಳ ಮಧ್ಯಾಹ್ನ, ಕಾಲಿಟ್ಟರೆ ಸುಡುತ್ತಿತ್ತು. ಪ್ಯಾನೆಲ್ ಕೆಳಗೆ ಬಗ್ಗಿ, ಹಿಂದಿನ ಸ್ಟಿಕರ್‌ನಿಂದ ಸೀರಿಯಲ್ ನಂಬರ್ ಒಂದೊಂದಾಗಿ ಬರೆದುಕೊಂಡರು. ಕರೆಂಟ್ ಕಂಪನಿ ಜೆಸ್ಕಾಂನ ನೆಟ್ ಮೀಟರ್ ಮುಂದೆ ನಿಂತು ನಾವು ತಗೊಂಡ ಯೂನಿಟ್ ಎಷ್ಟು, ಲೈನಿಗೆ ಕೊಟ್ಟಿದ್ದು ಎಷ್ಟು ನೋಡಿದರು. ಮಳೆನೀರಿನ ಪೈಪಿಗೆ ಒಂದು ಬಕೆಟ್ ನೀರು ಹಾಕಿಸಿ, ಕೆಳಗೆ ಟ್ಯಾಂಕಿನ ಮುಚ್ಚಳ ತೆಗೆಸಿದರು. ನೀರು ಬೀಳುವ ಸದ್ದು ಕೇಳಿದ ಮೇಲೆಯೇ ಬರೆದುಕೊಂಡಿದ್ದು.

ಲೆಕ್ಕವನ್ನೂ ಕೂತು ತಿಳಿಸಿದರು. ಜಾಗದ ಬೆಲೆ ಬೇರೆ, ಕಟ್ಟಡದ್ದು ಬೇರೆ. ಸೋಲಾರ್ ಇದೆ ಅಂತ ಜಾಗದ ರೇಟ್ ಏರಲ್ಲ. ನಮ್ಮ ಬಡಾವಣೆಯಲ್ಲಿ ಸೋಲಾರ್ ಇರುವ ಮನೆ ಮಾರಾಟವಾಗಿದ್ದರೆ ಹೋಲಿಸಬಹುದಿತ್ತು, ಹಾಗೆ ಯಾವುದೂ ಸಿಗಲಿಲ್ಲ. ಅದಕ್ಕೇ ಇವತ್ತು ಹಾಕಿಸಿದರೆ ಎಷ್ಟಾಗುತ್ತದೆ ಅಂತ ಹಿಡಿದು, ಹಳೆಯದಾದಂತೆ ಇಳಿಯುವ ಬೆಲೆ, ಅಂದರೆ ಸವಕಳಿ, ಕಳೆದರು. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇದೆ, ಅದರ ಕರೆಂಟನ್ನು ಮನೆಗೆ ಹೊಂದಿಸುವ ಇನ್ವರ್ಟರ್ ಅಷ್ಟು ದಿನ ಬಾಳಲ್ಲ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಲೆಕ್ಕ. ನಮ್ಮ 3 ಕಿಲೋವ್ಯಾಟ್‌ಗೆ ಕೇಂದ್ರ ಸರ್ಕಾರದ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ ಬಂದ 78,000 ರೂಪಾಯಿ ಸಬ್ಸಿಡಿಯನ್ನೂ ಕಳೆದಾಗ ಬೇಸರವಾಯಿತು. ಆದರೆ ಹೊಸದಾಗಿ ಹಾಕಿಸುವವರಿಗೂ ಅದು ಸಿಗುತ್ತದೆ ಅಲ್ವಾ? ಸರಿ ಅನ್ನಿಸಿತು.

ಕೊನೆಗೆ ಸೋಲಾರ್‌ಗೆ 88,000, ಟ್ಯಾಂಕಿಗೆ 55,000 ಬರೆದರು. ಮನೆಯ ಒಟ್ಟು ಬೆಲೆ ಮುಂದೆ ಇದು ಸಣ್ಣ ಮೊತ್ತವೇ. ಆದರೂ ಮಗಳ ಒಂದು ವರ್ಷದ ಹಾಸ್ಟೆಲ್ ಖರ್ಚಿನಷ್ಟು ಸಾಲ ಜಾಸ್ತಿ ಸಿಕ್ಕಿತು.

ಮಾಳಿಗೆಗೆ ಬಳಿದ ಬಿಳಿ ಸುಣ್ಣಕ್ಕೆ ಏನೂ ಹಾಕಲಿಲ್ಲ. ಅದು ವರ್ಷವರ್ಷ ಬಳಿಯುವುದು, ಒಪ್ಪುತ್ತೇನೆ. ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ಕಲ್ಲಿನ ವಿಷಯ ಮಾತ್ರ ಒಪ್ಪಲಾರೆ. ಟೈಲ್ಸ್‌ಗೆ ಜಾಸ್ತಿ ರೇಟು, ನಮ್ಮ ಕಲ್ಲಿಗೆ ಕಡಿಮೆ! ಬೇಸಿಗೆ ಮಧ್ಯಾಹ್ನ ಈ ಫರಸಿ ಮೇಲೆ ಸುಮ್ನೆ ಚಾಪೆ ಇಲ್ಲದೆ ಮಲಗಿ ನೋಡಬೇಕು, ಆಗ ಗೊತ್ತಾಗುತ್ತದೆ.

ಫೀಸ್ 4,000. ವರದಿ ಎರಡು ದಿನ ತಡವಾಗಿ ಬಂತು, ಫೋನ್ ಮಾಡಿ ನೆನಪಿಸಬೇಕಾಯಿತು. ನೀವು ವ್ಯಾಲ್ಯುಯೇಷನ್ ಮಾಡಿಸುವುದಾದರೆ ಬಿಲ್, ನೆಟ್ ಮೀಟರ್ ಒಪ್ಪಂದ, ವಾರಂಟಿ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ನಮ್ಮ ಇನ್ವರ್ಟರ್ ಕಾರ್ಡ್ ಅಲ್ಮಾರಿ ಮೇಲಿನ ಸೂಟ್‌ಕೇಸಿನಲ್ಲಿ ಸಿಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಬೇಸರಿಸದೆ ಕಾದರು.