ಗಲಾಪಗೋಸ್: ದಡದಲ್ಲಿ ರೂಮು ಒಳ್ಳೆಯದಾ, ಸಣ್ಣ ಹಡಗಾ?

ಈಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಗಳನ್ನು ನೋಡಲು ಎರಡು ದಾರಿ ಇದೆ. ಊರಿರುವ ದ್ವೀಪದಲ್ಲಿ ರೂಮು ಮಾಡಿ ದಿನಾ ದೋಣಿಯಲ್ಲಿ ಹೋಗಿಬರೋದು ಒಂದು. ಹದಿನಾರು ಜನ ಹಿಡಿಯುವ ಸಣ್ಣ ಹಡಗಿನಲ್ಲೇ ಉಂಡು ಮಲಗಿ ದ್ವೀಪದಿಂದ ದ್ವೀಪಕ್ಕೆ ಹೋಗೋದು ಇನ್ನೊಂದು. ಅಷ್ಟು ದೂರ ಹೋಗ್ತಿದ್ದೀವಲ್ಲ ಅಂತ ನಾವು ಎರಡನ್ನೂ ಮಾಡಿದೆವು, ಮೊದಲು ದಡ, ಆಮೇಲೆ ಹಡಗು. ನನ್ನ ಮತ ಹಡಗಿಗೆ. ನೂರು ಜನರ ಹಡಗುಗಳೂ ಇವೆ, ಅದಕ್ಕಿಂತ ದೊಡ್ಡದನ್ನು ಅಲ್ಲಿ ಬಿಡೋದಿಲ್ಲ. ಅವನ್ನು ನಾನು ಹತ್ತಿಲ್ಲ, ಹಾಗಾಗಿ ಆ ಮಾತು ಬೇಡ.

ದಡದ ಮೇಲೆ ನನಗೆ ಸಿಟ್ಟು ಬಂದಿದ್ದು ಒಂದೇ ವಿಷಯಕ್ಕೆ: ಲಾಂಚಾ. ದ್ವೀಪದಿಂದ ದ್ವೀಪಕ್ಕೆ ಜನ ಸಾಗಿಸುವ ಸ್ಪೀಡ್‌ಬೋಟಿಗೆ ಅಲ್ಲಿ ಹಾಗನ್ನುತ್ತಾರೆ. ಸಾಂತಾ ಕ್ರೂಸ್ ದ್ವೀಪದ ಪೋರ್ತೊ ಅಯೋರಾ ಊರಿನಿಂದ ಇಸಬೆಲಾ ದ್ವೀಪಕ್ಕೆ ಎರಡು ಗಂಟೆಗೂ ಮೇಲೆ ಬೇಕು. ಬೆಳಗ್ಗೆ ಏಳಕ್ಕೆ ಹೊರಡೋದು, ಆದರೆ ಆರೂವರೆಗೆಲ್ಲ ಜೆಟ್ಟಿಯಲ್ಲಿ ಸಾಲು ನಿಂತಿರಬೇಕು. ಹಣ್ಣು, ಬೀಜ ಏನಾದರೂ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಬ್ಯಾಗು ಬಿಚ್ಚಿಸಿ ನೋಡಿ ಸೀಲ್ ಹಾಕುತ್ತಾರೆ. ಅದು ಸರಿಯೇ. ಆಮೇಲೆ ನೀರಿನ ಟ್ಯಾಕ್ಸಿಗೆ ಚಿಲ್ಲರೆ ಕೊಟ್ಟು ಲಾಂಚಾ ತನಕ ಹೋಗಬೇಕು, ಆ ಕಡೆ ಇಳಿದ ಕೂಡಲೇ ಇಸಬೆಲಾ ಜೆಟ್ಟಿಯಲ್ಲಿ ಮತ್ತೆ ದುಡ್ಡು.

ಇಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ಒಳಗೆ ಕೂತರೆ ಗಾಳಿ ಇಲ್ಲ, ಹಿಂದೆ ಕೂತರೆ ಎಂಜಿನ್ ಹೊಗೆ, ಜೊತೆಗೆ ಮೈಮೇಲೆ ಉಪ್ಪುನೀರು. ದೋಣಿ ಅಲೆ ಹತ್ತಿ ದಪ್ ಅಂತ ಕೆಳಗೆ ಬೀಳುತ್ತದೆ, ಪ್ರತಿ ಸಲ ಸೊಂಟಕ್ಕೇ ಪೆಟ್ಟು. ಶಿರಾಡಿ ಘಾಟಿಯಲ್ಲಿ ಬಸ್ಸಿನ ಕೊನೇ ಸೀಟು ಇದ್ದಹಾಗೆ, ಆದರೆ ಇಲ್ಲಿ ನಿಲ್ಲಿಸಿ ಅನ್ನೋ ಹಾಗಿಲ್ಲ. ನಮ್ಮೆಜಮಾನರು ಅವೊಮಿನ್ ನುಂಗಿದ್ದರೂ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದರು. ಎದುರಿಗಿದ್ದ ಹುಡುಗಿಯದೂ ಅದೇ ಪಾಡು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತಿದ್ದರು. ಇಳಿದ ಮೇಲೆ ಅರ್ಧ ದಿನ ಹಾಸಿಗೆ. ವಾಪಸ್ಸು ಬರುವಾಗಲೂ ಅದೇ ಅಲ್ವಾ, ಆ ಚಿಂತೆಯಲ್ಲೇ ಇಸಬೆಲಾದ ಫ್ಲೆಮಿಂಗೊಗಳನ್ನು ನೋಡಿದ್ದಾಯಿತು.

ದಿನದ ಟೂರುಗಳದ್ದೂ ಇದೇ ರೋಗ, ಸ್ವಲ್ಪ ಕಮ್ಮಿ. ಹೋಗೋಕೆ ಬರೋಕೆ ಗಂಟೆಗಟ್ಟಲೆ, ದ್ವೀಪದಲ್ಲಿ ಕಾಲಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಸಮಭಾಜಕದ ಬಿಸಿಲು, ನೆರಳಿಗೆ ಮರವೂ ಇಲ್ಲ. ಇದಕ್ಕೆ ತಲೆಗೆ ಸುಮಾರು 200 ಡಾಲರ್.

ಹಡಗಿನಲ್ಲಿ ದೂರದ ಪ್ರಯಾಣವೆಲ್ಲ ಹೆಚ್ಚಾಗಿ ರಾತ್ರಿ. ಅಲುಗಾಟ ಅಲ್ಲೂ ಇದೆ, ಆದರೆ ಮಲಗಿದ್ದರೆ ಹೊಟ್ಟೆ ತೊಳಸೋದು ಕಮ್ಮಿ. ಬೆಳಗ್ಗೆ ಎದ್ದರೆ ಎದುರಿಗೇ ದ್ವೀಪ, ತಿಂಡಿ ಮುಗಿಸಿ ರಬ್ಬರ್ ದೋಣಿಯಲ್ಲಿ ಐದು ನಿಮಿಷ. ಹೆನೊವೇಸಾ, ಫರ್ನಾಂಡಿನಾ ಅಂಥ ದೂರದ ದ್ವೀಪಗಳಿಗೆ ದಡದ ಟೂರಿನಲ್ಲಿ ಹೋಗೋ ಮಾತೇ ಇಲ್ಲ. ಹೆನೊವೇಸಾದಲ್ಲಿ ಒಂದು ಗೂಬೆ ಹಾಡಹಗಲೇ ಲಾವಾ ಬಂಡೆಯ ಸಂದಿಯಲ್ಲಿ ಅಲ್ಲಾಡದೆ ಕೂತಿತ್ತು. ಬಂಡೆಯ ಬಣ್ಣವೇ ಅದರದ್ದೂ, ಗೈಡ್ ತೋರಿಸಿದ ಮೇಲೂ ನನಗೆ ಕಾಣಲಿಲ್ಲ. ಆಮೇಲೆ ಅದು ಒಂದು ಕಣ್ಣು ತೆರೆಯಿತು. ಅಲ್ಲಿ ಗೂಡು ಮಾಡುವ ಸಣ್ಣ ಪೆಟ್ರೆಲ್ ಹಕ್ಕಿಗಳು ಹಗಲಲ್ಲೇ ಗೂಡಿಗೆ ಬರುತ್ತವೆ, ಹಾಗಾಗಿ ಗೂಬೆಯೂ ಹಗಲಲ್ಲೇ ಬೇಟೆ ಆಡುತ್ತದೆ.

ಊಟ ಎರಡೂ ಕಡೆ ಪರವಾಗಿಲ್ಲ. ಮೆನೆಸ್ತ್ರಾ ಅಂತ ಬೇಳೆಯೋ ಕಾಳೋ ಬೇಯಿಸಿದ್ದು ಅನ್ನದ ಜೊತೆ ಕೊಡುತ್ತಾರೆ, ಮೇಲೆ ಖಾರಕ್ಕೆ ಅಹಿ ಸಾಸ್. ಸಸ್ಯಾಹಾರಿಗಳು ಬದುಕಬಹುದು.

ಗೈಡ್ ವಿಷಯ: ಹದಿನಾರು ಜನಕ್ಕೆ ಒಬ್ಬರು ಅನ್ನೋದು ನ್ಯಾಷನಲ್ ಪಾರ್ಕಿನ ನಿಯಮ. ಹಡಗಿನಲ್ಲಿ ಎಲ್ಲ ದಿನವೂ ಒಬ್ಬರೇ ಇದ್ದರು, ನಿನ್ನೆಯ ಮಾತು ಇವತ್ತು ಮುಂದುವರಿಯುತ್ತಿತ್ತು.

ಹಡಗಿನ ಕಂಪನಿಗಳು ಎಂಟು ದಿನ ಅಂತ ಮಾರುವುದನ್ನು ಆರು ದಿನ ಅಂತಲೇ ಓದಿಕೊಳ್ಳಿ. ಮೊದಲ ದಿನ ವಿಮಾನ ಇಳಿದು ಹಡಗು ಹತ್ತುವಾಗ ಮಧ್ಯಾಹ್ನ, ಕೊನೇ ದಿನ ತಿಂಡಿ ಆದಮೇಲೆ ವಿಮಾನ ನಿಲ್ದಾಣ. ನಾಲ್ಕು ದಿನದ್ದು ಅಂದರೆ ಪೂರ್ತಿ ಸಿಗೋದು ಎರಡೇ. ಒಂದೇ ಜಾಗಕ್ಕೆ ಹಡಗು 14 ದಿನದೊಳಗೆ ಮತ್ತೆ ಹೋಗುವಂತಿಲ್ಲ. ಹಾಗಾಗಿ ಎರಡು ವಾರದ ಸುತ್ತನ್ನು ತುಂಡು ಮಾಡಿ ಮಾರುತ್ತಾರೆ. ಹಾರಲಾರದ ನೀರುಕಾಗೆ ಬೇಕಾದರೆ ಪಶ್ಚಿಮದ ತುಂಡು, ಆಲ್ಬಟ್ರಾಸ್ ಹಕ್ಕಿ ಬೇಕಾದರೆ ಎಸ್ಪಾನ್ಯೋಲಾ ದ್ವೀಪ ಇರುವ ತುಂಡು, ಅದೂ ಏಪ್ರಿಲ್‌ನಿಂದ ಡಿಸೆಂಬರ್ ಒಳಗೆ. ಹಡಗಿನ ಹೆಸರಿಗಿಂತ ಇದನ್ನು ಮೊದಲು ನೋಡಿ.

ದುಡ್ಡಿನಲ್ಲಿ ದಡವೇ ಅಗ್ಗ. ಪಾರ್ಕ್ ಶುಲ್ಕ ದಡದವರಿಗೂ ಹಡಗಿನವರಿಗೂ ಒಂದೇ, 2024ರ ಆಗಸ್ಟ್‌ನಿಂದ ವಿದೇಶಿ ದೊಡ್ಡವರಿಗೆ 200 ಡಾಲರ್, ಮೊದಲು 100 ಇತ್ತು. ಆದರೆ ರೂಮು, ಲಾಂಚಾ, ದಿನಕ್ಕೊಂದು ಟೂರು ಎಲ್ಲ ಕೂಡಿಸಿ ನೋಡಿ, ವ್ಯತ್ಯಾಸ ಅಂದುಕೊಂಡಷ್ಟು ಇರೋದಿಲ್ಲ. ಪೋರ್ತೊ ಅಯೋರಾದ ಏಜೆಂಟರ ಹತ್ತಿರ ಖಾಲಿ ಉಳಿದ ಬರ್ತ್ ಕೊನೇ ಗಳಿಗೆಯಲ್ಲಿ ಕಮ್ಮಿಗೆ ಸಿಗುವುದೂ ಉಂಟು. ರಜೆಗೆ ಗಡುವು ಇಲ್ಲದವರು ಪ್ರಯತ್ನಿಸಿ.

ನಾನು ಐದಕ್ಕೇ ಏಳುವವಳು, ಸಂಜೆ ಅಂಗಡಿ ಸುತ್ತುವ ಚಟ ಇಲ್ಲ, ಒಂಬತ್ತಕ್ಕೆ ನಿದ್ದೆ. ಹಡಗು ನನಗೇ ಮಾಡಿಸಿದಂತಿತ್ತು. ಸಂಜೆ ಬೀದಿ ಬೇಕು, ಹೋಟೆಲ್ ಬೇಕು ಅನ್ನುವವರು ಸಾಂತಾ ಕ್ರೂಸ್‌ನಲ್ಲೇ ಇರಿ. ಮೀನು ಮಾರುಕಟ್ಟೆಯಲ್ಲಿ ಹೆಜ್ಜಾರ್ಲೆ, ಕಡಲಸಿಂಹ ಎಲ್ಲ ಗಿರಾಕಿಗಳ ಮಧ್ಯೆಯೇ ನಿಂತಿರುತ್ತವೆ, ಟೋರ್ಟುಗಾ ಬೇ ಅನ್ನೋ ಕಡಲತೀರಕ್ಕೆ ನಡೆದು ಹೋಗಬಹುದು. ಇಸಬೆಲಾ ಮಾತ್ರ ಬಿಟ್ಟುಬಿಡಿ.

ಹಡಗು ಬುಕ್ ಮಾಡುವವರು ಡೆಕ್ಕಿನ ನಕ್ಷೆ ತರಿಸಿಕೊಂಡು ಮಧ್ಯದ ಕ್ಯಾಬಿನ್ ಕೇಳಿ. ಕೆಳಗಿನ ಅಂತಸ್ತಿನಲ್ಲಿ ಮುಂದಿನ ಕ್ಯಾಬಿನ್ ಸಿಕ್ಕರೆ ಬೆಳಗಿನ ಜಾವ ಲಂಗರಿನ ಸರಪಳಿ ತಲೆಯ ಹತ್ತಿರವೇ ಗಡಗಡ ಇಳಿಯುತ್ತದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ಈಕ್ವೆಡಾರ್‌ನಿಂದ ನೇರ ಬೆಂಗಳೂರಿಗೆ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.