ಚಿತ್ರದುರ್ಗ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜು: ಎಲ್ ಆಕಾರದ ಸಿಂಗಲ್ ರೂಮು

ಮೆಟ್ಟಿಲು ತಿರುಗುವ ಕಡೆ ಉಳಿದ ಜಾಗಕ್ಕೆ ಗೋಡೆ ಎಬ್ಬಿಸಿ ಮಾಡಿದ ರೂಮು ಇದು. ಬಾಗಿಲು ತೆಗೆದರೆ ಮೂರಡಿ ಅಗಲದ ಓಣಿ, ಎಡಕ್ಕೆ ಬಚ್ಚಲು, ಓಣಿ ಬಲಕ್ಕೆ ತಿರುಗಿದ ಮೇಲೆ ಮಂಚ. ಮಂಚದ ತಲೆಗೂ ಕಾಲಿಗೂ ಗೋಡೆ, ಮಧ್ಯೆ ಆರಡಿ ಅಷ್ಟೆ. ಎತ್ತರದವರು ಓರೆಯಾಗಿ ಮಲಗಬೇಕು.

ದೊಡ್ಡ ತಪ್ಪು ಫ್ಯಾನಿನದು. ಅದು ಓಣಿಯ ಮೇಲಿದೆ, ಗಾಳಿ ತಿರುವು ದಾಟಿ ಮಂಚಕ್ಕೆ ಬರುವುದೇ ಇಲ್ಲ. ಮೇಲೆ ಬರೀ ತಾರಸಿ. ಹಗಲು ಕಾದ ಆರ್‌ಸಿಸಿ ರಾತ್ರಿಯೆಲ್ಲ ಶಾಖ ಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ರೂಮು ಬೇಡವೇ ಬೇಡ. ಬೇರೆ ದಿನಗಳಲ್ಲಿ ಕೌಂಟರಿನಲ್ಲಿ ಕೇಳಿ ಟೇಬಲ್ ಫ್ಯಾನ್ ಈಸಿಕೊಂಡು ತಿರುವಿನಲ್ಲಿಡಿ. ಪ್ಲಗ್ ಒಂದೇ ಇರುವುದರಿಂದ ಮೊಬೈಲ್ ಚಾರ್ಜಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಿರಿ.

ಗೀಸರ್ ಮೂರು ಲೀಟರಿನದು, 3 ಕಿಲೋವ್ಯಾಟ್. ನಲ್ಲಿ ಪೂರ್ತಿ ತಿರುಗಿಸಿದರೆ ತಣ್ಣೀರೇ ಬಂದಂತೆ. ನಿಮಿಷಕ್ಕೆ 2 ಲೀಟರ್ ಬರುವಷ್ಟು ಸಣ್ಣಗೆ ಬಿಟ್ಟರೆ ನೀರಿನ ಬಿಸಿ ಸುಮಾರು 20 ಡಿಗ್ರಿ ಏರುತ್ತದೆ. 16 ಲೀಟರ್ ಬಕೆಟ್ ತುಂಬಲು ಎಂಟು ನಿಮಿಷ. ಬಚ್ಚಲ ನೆಲದ ವಾಟ ಜಾಲರಿ ಕಡೆಗಿಲ್ಲ, ಬಾಗಿಲ ಕಡೆಗಿದೆ. ಹೊಸ್ತಿಲು ಒಂದೇ ಇಂಚು. ಬ್ಯಾಗನ್ನು ಓಣಿಯಲ್ಲಿ ಇಡಬೇಡಿ, ನೆನೆಯುತ್ತದೆ.

ಹಾಸಿಗೆ ಬಟ್ಟೆ ಶುಭ್ರ, ಹಾಸಿಗೆ ಗಟ್ಟಿ. ಓಣಿ ಅಡ್ಡ ಇರುವುದರಿಂದ ಮೆಟ್ಟಿಲಿನ ಗದ್ದಲ ಕಿವಿಗೆ ಬೀಳುವುದಿಲ್ಲ, ಇದು ನಿಜಕ್ಕೂ ದೊಡ್ಡ ಅನುಕೂಲ. ಬೆಳಗ್ಗೆ ಬಿಸಿಲೇರುವ ಮೊದಲು ಏಳು ಸುತ್ತಿನ ಕೋಟೆ ಹತ್ತಬೇಕೆನ್ನುವ ಒಬ್ಬರಿಗೆ ಧಾರಾಳ ಸಾಕು. ಇಬ್ಬರಿದ್ದರೆ ಡಬಲ್ ರೂಮೇ ಕೇಳಿ. ಎಕ್ಸ್‌ಟ್ರಾ ಬೆಡ್ ಹಾಕಿದರೆ ಬಚ್ಚಲ ಬಾಗಿಲು ತೆರೆಯುವುದಿಲ್ಲ.