ಝೆನಿತ್ ಕೈಗೆ ಬಂದಾಗ ಹೊಡೆಯೋಕೆ ಯಾರಾದ್ರೂ ಉಳಿದಿರ್ಬೇಕಲ್ಲ: ಟೆರೇರಿಯಾದ ಕ್ಯಾಲಮಿಟಿ ಮಾಡ್, ಬಹಳ ಕಾಲ ಆಡಿದ ಮೇಲೆ

ಟೆರೇರಿಯಾ ಅಂದ್ರೆ ಅಗೆದು, ಕಟ್ಟಿ, ಕಾದಾಡೋ ಕಂಪ್ಯೂಟರ್ ಆಟ, ಕ್ಯಾಲಮಿಟಿ ಅದಕ್ಕೆ ಅಭಿಮಾನಿಗಳು ಸೇರಿಸಿದ ಮಾಡ್, ಅಂದ್ರೆ ಹೆಚ್ಚುವರಿ ಆಟ. ಅದರಲ್ಲಿ ಎಷ್ಟು ಬಾಸ್ (ದೊಡ್ಡ ಶತ್ರು), ಎಷ್ಟು ಹೊಸ ಬಯೋಮ್ (ಪ್ರದೇಶ) ಅನ್ನೋ ಪಟ್ಟಿ ಎಲ್ಲ ಕಡೆ ಸಿಗುತ್ತೆ, ಅದನ್ನ ಬಿಟ್ಬಿಡ್ತೀನಿ. ನಾನು ಬರೀತಿರೋದು ಝೆನಿತ್ ಅನ್ನೋ ಒಂದೇ ಒಂದು ಕತ್ತಿ ದೆಸೆಯಿಂದ.

ಮೂಲ ಟೆರೇರಿಯಾಗೆ ಝೆನಿತ್ ಬಂದಿದ್ದು 2020ರ 1.4 ಅಪ್‌ಡೇಟ್‌ನಲ್ಲಿ. 10 ಕತ್ತಿ ಸೇರಿಸಿ ಒಂದು ಕತ್ತಿ. ಆ ಹತ್ತರಲ್ಲಿ ಆಟದ ಮೊದಲನೇ ದಿನ ಕೈಗೆ ಕೊಡೋ ತಾಮ್ರದ ಮೋಟುಗತ್ತಿಯೂ ಒಂದು, ಆ ಯೋಚನೆ ಬಂದ ಪುಣ್ಯಾತ್ಮನಿಗೆ ಒಂದು ನಮಸ್ಕಾರ. ಆದ್ರೆ ಅದಕ್ಕೆ ಬೇಕಾದ ಮಿಯಾವ್‌ಮಿಯರ್, ಸ್ಟಾರ್ ರ‍್ಯಾತ್ ಎರಡೂ ಬೀಳೋದು ಮೂನ್ ಲಾರ್ಡ್ ಸತ್ತ ಮೇಲೆ. ಮೂನ್ ಲಾರ್ಡೇ ಕೊನೇ ಬಾಸ್. ಅಂದ್ರೆ ಆಟದ ಅತಿ ದೊಡ್ಡ ಕತ್ತಿ ಸಿಕ್ಕಾಗ ಅದರ ಎದುರು ನಿಲ್ಲೋಕೆ ಯಾರೂ ಇಲ್ಲ. ಜಂಬೂಸವಾರಿ ಬನ್ನಿಮಂಟಪ ಸೇರಿದ ಮೇಲೆ ಅರಮನೆ ಮುಂದೆ ಕುರ್ಚಿ ಸಿಕ್ಕಂಗೆ.

ಕ್ಯಾಲಮಿಟಿಯವರು ಮಾಡಿದ್ದು ಇಷ್ಟೇ: ಝೆನಿತ್‌ಗೆ ಆರಿಕ್ ಬಾರ್ (ಆರಿಕ್ ಅದಿರಿಂದ ಮಾಡೋ ಲೋಹದ ಗಟ್ಟಿ) ಬೇಕು ಅಂದ್ರು. ಆರಿಕ್ ಅದಿರು ಕಾಣಿಸ್ಕೊಳ್ಳೋದು ಯಾರೋನ್ ಅನ್ನೋ ಬಾಸ್ ಸತ್ತ ಮೇಲೆ. ಅಷ್ಟರೊಳಗೆ ಪ್ರಾವಿಡೆನ್ಸ್, ಪೋಲ್ಟರ್‌ಗಾಸ್ಟ್, ಡಿವೌರರ್ ಆಫ್ ಗಾಡ್ಸ್ ಅನ್ನೋ ಬಾಸ್‌ಗಳೆಲ್ಲ ಮುಗೀಬೇಕು. ಮೊದಲು ನಂಗೂ ಉರೀತು. ಇದ್ದಿದ್ದನ್ನ ಕಿತ್ಕೊಂಡು ಇನ್ನೂ ದೂರ ಇಟ್ರಲ್ಲ ಅಂತ. ಆಮೇಲೆ ತಿಳೀತು, ಝೆನಿತ್ ದೂರ ಹೋಗಿದ್ದಕ್ಕೇ ನಡುವಿನ ಆಯುಧಗಳಿಗೆಲ್ಲ ಒಂದು ಕಾಲ ಬಂತು. ಒಂದೊಂದು ಬಾಸ್‌ಗೂ ಒಂದೊಂದು ಕತ್ತಿ ಹಿಡಿದು, ಅದರ ಅಳತೆ ಕೈಗೆ ಒಗ್ಗಿಸ್ಕೊಂಡು ಆಡ್ದೆ. ಕೊನೆಗೆ ಝೆನಿತ್ ಕೈಗೆ ಬಂದಾಗ ಎದುರಿಗೆ ಎಕ್ಸೋ ಮೆಕ್ ಅನ್ನೋ ಯಂತ್ರ ಬಾಸ್‌ಗಳು, ಮಾಟಗಾತಿ ಕ್ಯಾಲಮಿಟಾಸ್ ಇನ್ನೂ ಜೀವಂತ! ಆ ಯಂತ್ರಗಳಲ್ಲೊಂದಾದ ಥಾನಟೋಸ್ ಮೈಮೇಲೆ ಝೆನಿತ್ ಬೀಸಿದ ಸುಖ ಮೂಲ ಆಟ ನಂಗೆ ಯಾವತ್ತೂ ಕೊಟ್ಟಿರಲಿಲ್ಲ.

ರಕ್ಷಾಕವಚದ ಲೆಕ್ಕಾಚಾರವೂ ಹಾಗೇ. ಆರಿಕ್ ಟೆಸ್ಲಾ ಸೆಟ್ ಮಾಡೋಕೆ ಹಿಂದಿನ ಟ್ಯಾರಗನ್, ಬ್ಲಡ್‌ಫ್ಲೇರ್, ಗಾಡ್ ಸ್ಲೇಯರ್ ಕವಚಗಳನ್ನೇ ಕರಗಿಸ್ಬೇಕು. ಪಟ್ಟ ಪಾಡು ಯಾವುದೂ ಪೆಟ್ಟಿಗೆಯಲ್ಲಿ ಧೂಳು ತಿನ್ನೋದಿಲ್ಲ. (ಆರಿಕ್ ಅದಿರನ್ನ ಮುಟ್ಟಿದ್ರೆ ಕರೆಂಟ್ ಹೊಡೆದು ಆಚೆ ಎಸೆಯುತ್ತೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋದ ರಾತ್ರಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಆಡ್ತಾ ಈ ಶಾಕ್ ತಿನ್ನೋದು ನಂಗೆ ಮಾತ್ರ ತಮಾಷೆ, ಮನೆಯವರಿಗಲ್ಲ.)

ನನ್ನ ದಿನಚರಿ ಹೇಳಿದ್ರೆ ಮುಂದಿನ ದೂರು ಅರ್ಥ ಆಗುತ್ತೆ. ಮನೆ ಮಂಡ್ಯ, ಕೆಲಸ ಮೈಸೂರು. ರೈಲು ಇಳಿದು ಮನೆ ಸೇರಿದ ತಕ್ಷಣ ಟಿಮಾಡ್‌ಲೋಡರ್ (ಮಾಡ್ ನಡೆಸೋ ಪ್ರೋಗ್ರಾಂ) ಒತ್ತಿ ಬಚ್ಚಲಿಗೆ ಹೋಗ್ತೀನಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಕೈಕಾಲು ತೊಳೆದು, ಮುದ್ದೆ ಬಸ್ಸಾರು ಮುಗಿಸಿ ಬಂದ್ರೂ ಒಂದೊಂದ್ಸಲ ಲೋಡಿಂಗ್ ಗೆರೆ ತೆವಳ್ತಾನೇ ಇರುತ್ತೆ. ಆಟ ತೆರೆದ ಮೇಲೂ ನೇರ ಬಾಸ್ ಹತ್ರ ಹೋಗಲ್ಲ. ತೋಟದಲ್ಲಿ ಡೇಬ್ಲೂಮ್ ಗಿಡ ಕಿತ್ತು, ಐರನ್‌ಸ್ಕಿನ್, ರೀಜನರೇಶನ್ ಮದ್ದು ಕಾಯಿಸಿ, ಅಖಾಡದ ಕ್ಯಾಂಪ್‌ಫೈರ್ ಎಲ್ಲ ಉರೀತಿದೆಯಾ ನೋಡ್ತೀನಿ. ಆಮೇಲೆ ಗಾಬ್ಲಿನ್ ಟಿಂಕರರ್ ಅನ್ನೋನ ಹತ್ರ ರೀಫೋರ್ಜ್, ಅಂದ್ರೆ ದುಡ್ಡು ಕೊಟ್ಟು ಆಯುಧದ ಗುಣ ಬದಲಾಯಿಸೋದು. ಇವನು ಮೂಲ ಆಟದಲ್ಲಿ ದುಡ್ಡು ನುಂಗೋ ಭೂತ. ಕ್ಯಾಲಮಿಟಿಯಲ್ಲಿ ಬ್ಯಾಂಡಿಟ್ ಅಂತ ಒಬ್ಬಳಿದ್ದಾಳೆ, ನಾವು ಸುರಿದ ದುಡ್ಡಲ್ಲಿ ಒಂದು ಪಾಲನ್ನ ಅವನಿಂದ ಕದ್ದು ನಮಗೇ ವಾಪಸ್ ಕೊಡ್ತಾಳೆ. ಅವಳನ್ನ ಮಾತಾಡಿಸದೆ ನಾನು ಆಟ ಮುಚ್ಚಲ್ಲ. ಇಷ್ಟೆಲ್ಲ ಆಗೋಷ್ಟರಲ್ಲಿ ಬಾಸ್‌ಗೆ ಉಳಿಯೋದು ಅರ್ಧ ಗಂಟೆ, ಬೆಳಿಗ್ಗೆ ಮತ್ತೆ ರೈಲು.

ಇಷ್ಟು ಹೊತ್ತು ಹೊಗಳಿದವನ ಬಾಯಿ ಕಹಿಯಾಗೋದು ಇಲ್ಲಿ. ಕೊನೇ ಮೆಟ್ಟಿಲಿನ ಆಯುಧಗಳಿಗೆ ಬೇಕಾದ್ದು ಶ್ಯಾಡೋಸ್ಪೆಕ್ ಬಾರ್. ಅದಕ್ಕೆ ಎಕ್ಸೋ ಮೆಕ್‌ಗಳಿಂದ ಎಕ್ಸೋ ಪ್ರಿಸಂ ಬೇಕು, ಕ್ಯಾಲಮಿಟಾಸ್‌ಳಿಂದ ಆ್ಯಶಸ್ ಆಫ್ ಅನೈಹಿಲೇಶನ್ ಬೇಕು. ಇಬ್ಬರನ್ನೂ ಮುಗಿಸಿದ ಮೇಲೆ ಇನ್ಯಾರಿದ್ದಾರೆ? ಝೆನಿತ್‌ನಲ್ಲಿ ಯಾವ ತಪ್ಪನ್ನ ತಿದ್ದಿದ್ರೋ ಅದೇ ತಪ್ಪನ್ನ ತಮ್ಮ ಸ್ವಂತ ಆಯುಧಗಳಲ್ಲಿ ಮಾಡಿ ಕೂತಿದ್ದಾರೆ. ಅಬಿಸ್ ಅನ್ನೋ ಸಮುದ್ರದಾಳದ ತಳದಲ್ಲಿ ಪ್ರೈಮಾರ್ಡಿಯಲ್ ವಿರ್ಮ್ ಅನ್ನೋ ಬಾಸ್ ಇದೆಯಲ್ಲ ಅಂತೀರಿ. ಇದೆ, ಆದ್ರೆ ಅದು ಆಟದ ದಾರಿಯಲ್ಲಿ ಸಿಗೋದಲ್ಲ, ಹುಡುಕ್ಕೊಂಡು ಹೋಗಿ ಜಗಳ ತೆಗೀಬೇಕು. ಬಾಸ್ ರಶ್ ಇದೆ, ಎಲ್ಲ ಬಾಸ್‌ಗಳೂ ಒಬ್ಬರ ಹಿಂದೊಬ್ಬರು. ಅರ್ಧ ಗಂಟೆ ಗಿರಾಕಿ ನಾನು, ಮಧ್ಯೆ ಸತ್ರೆ ಆ ರಾತ್ರಿಯ ಆಟ ಅಲ್ಲಿಗೆ ಮುಗೀತು. ಕಷ್ಟಪಟ್ಟು ಗೆದ್ರೆ ಬಹುಮಾನ ಏನು ಗೊತ್ತಾ? ಒಂದು ಕಲ್ಲು. ಹೆಸರೇ ರಾಕ್. ಜೋಕ್ ಅಂತ ಗೊತ್ತು, ಮೊದಲ ಸಲ ನಕ್ಕಿದ್ದೂ ನಿಜ. ಆದ್ರೆ ಶ್ಯಾಡೋಸ್ಪೆಕ್ ಆಯುಧಗಳನ್ನ ಇಷ್ಟು ಚೆಂದ ಮಾಡಿ, ಒಂದೊಂದಕ್ಕೂ ಒಂದೊಂದು ಬೆಳಕು ಸದ್ದು ಕೊಟ್ಟು, ಕೊನೆಗೆ ಡಮ್ಮಿ ಬೊಂಬೆಗೆ ಹೊಡೀರಿ ಅಂದ್ರೆ ಹೊಟ್ಟೆ ಉರಿಯುತ್ತೆ.

ನಂಗೆ ಅನ್ಸೋದು, ಎಕ್ಸೋ ಮೆಕ್ ಮತ್ತು ಕ್ಯಾಲಮಿಟಾಸ್ ಇಬ್ಬರಲ್ಲಿ ಯಾರನ್ನ ಮೊದಲು ಸೋಲಿಸ್ತೀವೋ ಅವರ ಸಾಮಾನಿಂದ್ಲೇ ಒಂದೆರಡು ಶ್ಯಾಡೋಸ್ಪೆಕ್ ಆಯುಧ ಮಾಡೋ ಹಾಗಿರ್ಬೇಕಿತ್ತು. ಉಳಿದೊಬ್ಬರ ಮೇಲಾದ್ರೂ ಬೀಸಬಹುದಿತ್ತು.

ಹಾಗಂತ ಅನ್‌ಇನ್‌ಸ್ಟಾಲ್ ಮಾಡಿಲ್ಲ. ಈಗ ಹೊಸ ಪ್ರಪಂಚದಲ್ಲಿ ರೋಗ್ ಕ್ಲಾಸ್ (ಎಸೆಯೋ ಆಯುಧಗಳಿಂದ ಆಡೋ ಶೈಲಿ) ಹಿಡಿದಿದ್ದೀನಿ, ಶ್ಯಾಡೋಸ್ಪೆಕ್ ಕಡೆ ತಿರುಗಿ ನೋಡೋ ಯೋಚನೆ ಇಲ್ಲ. ಕ್ಯಾಲಮಿಟಾಸ್ ಸತ್ತ ರಾತ್ರಿಯೇ ಮುಗಿಸ್ಬಿಡೋದು. ಮೂಲ ಆಟ ಸ್ಟೀಮ್ ಸೇಲ್‌ನಲ್ಲಿ ತಗೊಳ್ಳಿ. ಟಿಮಾಡ್‌ಲೋಡರ್, ಮಾಡ್ ಎರಡೂ ಪುಕ್ಕಟೆ, ಆ ಬೆಲೆಗೆ ಐದಕ್ಕೆ ನಾಲ್ಕು ಕೊಡೋಕೆ ನಂಗೇನೂ ಬೇಜಾರಿಲ್ಲ. ಇನ್ನೊಂದು ಮಾತು, ಜಾಗ ಇಲ್ಲ ಅಂತ ಹಳೇ ಟ್ಯಾರಗನ್ ಸೆಟ್ ಮಾರ್ಬೇಡಿ.